ಪಾಂಗ್‌ಗೆ ಇಳಿಯುವ ದಾರಿಯಲ್ಲಿ ಎತ್ತಿದ ಕೈ

ಮನಾಲಿಯಿಂದ ಲೇಹ್‌ಗೆ ಹೋಗುವ ರಸ್ತೆಯಲ್ಲಿ ತಾಂಡಿಯ ಪೆಟ್ರೋಲ್ ಬಂಕ್ ದಾಟಿದ ಮೇಲೆ ಎದುರಿನ ಬೈಕಿನವರ ಕೈಗಳು ಏಳತೊಡಗಿದವು. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ಜಾಗ ಅದು. ಮುಂದಿನ ಬಂಕ್ 365 ಕಿಲೋಮೀಟರ್ ದೂರದಲ್ಲಿದೆ ಎಂಬ ಫಲಕ ಅಲ್ಲಿ ಹೆಸರುವಾಸಿ. ಲೇಹ್‌ಗೆ ಹೊರಟ ಬೈಕಿನವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಟ್ಯಾಂಕ್ ತುಂಬಿಸಿ, ಐದು ಲೀಟರಿನ ಎರಡು ಕ್ಯಾನುಗಳನ್ನು ಕಟ್ಟಿಕೊಂಡು ಹೊರಟು ಕಾಲು ಗಂಟೆಯೂ ಆಗಿರಲಿಲ್ಲ. ಎದುರಿನಿಂದ ಬಂದವನೊಬ್ಬ ಎಡಗೈಯನ್ನು ಹ್ಯಾಂಡಲಿನಿಂದ ಬಿಡಿಸಿ ಹೆಗಲಿನ ಎತ್ತರಕ್ಕೆ ಎತ್ತಿದ. ಹಿಂದೆ ಬರುತ್ತಿರುವ ಯಾರಿಗೋ ಇರಬೇಕೆಂದು ಕನ್ನಡಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಮುಂದಿನ ಬೈಕಿಗೆ ನಾನೇ ಮೊದಲು ಕೈ ಎತ್ತಿದೆ.

ಬೆಂಗಳೂರಿನಿಂದ ಬೈಕನ್ನು ರೈಲಿಗೆ ಹಾಕಿ, ದೆಹಲಿಯಲ್ಲಿ ಬಿಡಿಸಿಕೊಂಡು ಮನಾಲಿವರೆಗೆ ಓಡಿಸಿದ ದಿನಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ದಾರಿಯುದ್ದಕ್ಕೂ ಸಾವಿರಾರು ಬೈಕುಗಳು ಸಿಕ್ಕವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮನಾಲಿ ನನಗೆ ಹಿಡಿಸಲಿಲ್ಲ. 2020ರಲ್ಲಿ ತೆರೆದ ಅಟಲ್ ಸುರಂಗದೊಳಗೆ ಒಂಬತ್ತು ಕಿಲೋಮೀಟರ್ ಸಾಗಿ ಲಾಹೌಲ್ ಕಡೆ ಹೊರಬಿದ್ದಾಗಲೇ ಉಸಿರು ಸರಾಗವಾದದ್ದು. ಜಿಸ್ಪಾದಲ್ಲಿ ಎರಡು ರಾತ್ರಿ ಉಳಿದೆ. ಭಾಗಾ ನದಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸದ ಆ ಊರನ್ನು ಈ ದಾರಿಯಲ್ಲಿ ಹೋಗುವವರು ಬಿಡಬಾರದು. ನೇರವಾಗಿ ಇನ್ನೂ ಎತ್ತರದ ಸರ್ಚುವಿಗೆ ಹೋಗಿ ಮಲಗಿ, ಎತ್ತರಕ್ಕೆ ದೇಹ ಒಗ್ಗದೆ ತಲೆ ಹಿಡಿದುಕೊಂಡು ಬೆಳಗು ಮಾಡಿದ ಹಲವರನ್ನು ಮುಂದೆ ಕಂಡೆ.

ಕೈ ಎತ್ತುವುದರಲ್ಲಿ ಒಂದು ಲೆಕ್ಕಾಚಾರವಿದೆ. ನಾವು ರಸ್ತೆಯ ಎಡಬದಿಯವರು. ಎದುರಿನವನು ಹಾದುಹೋಗುವುದು ನಮ್ಮ ಬಲಕ್ಕೆ, ಆದರೆ ಬಲಗೈಯಲ್ಲಿ ಆಕ್ಸಿಲರೇಟರ್ ಇದೆ, ಮುಂದಿನ ಬ್ರೇಕ್ ಇದೆ. ಅದನ್ನು ಬಿಡುವಂತಿಲ್ಲ. ಹಾಗಾಗಿ ದೂರದ ಎಡಗೈಯನ್ನೇ, ಎದುರಿನವನಿಗೆ ಕಾಣುವಷ್ಟು ಎತ್ತರಕ್ಕೆ ಎತ್ತಬೇಕು. ಜರ್ಮನಿಯಲ್ಲಿರುವ ತಮ್ಮನ ಬೈಕಿನ ಹಿಂದೆ ಕುಳಿತು ಒಮ್ಮೆ ಸುತ್ತಿದ್ದೆ. ಅಲ್ಲಿ ಬಲಬದಿಯ ಸಂಚಾರ, ಎಡಗೈ ಎದುರಿನವನ ಪಕ್ಕದಲ್ಲೇ ಇರುತ್ತದೆ. ಅದನ್ನು ಹಾಗೇ ಕೆಳಗೆ ಇಳಿಬಿಟ್ಟು ಎರಡು ಬೆರಳು ಚಾಚಿದರೆ ಸಾಕು. ಬ್ರಿಟನ್ನಿನವರು ನಮ್ಮಂತೆ ಎಡಬದಿಯವರು, ಹೆಚ್ಚಾಗಿ ತಲೆಯಾಡಿಸಿ ಮುಗಿಸುತ್ತಾರೆ. ಫ್ರಾನ್ಸಿನಲ್ಲಿ ದಾರಿ ಬಿಟ್ಟ ಕಾರಿನವರಿಗೆ ಬಲಗಾಲು ಚಾಚಿ ಕೃತಜ್ಞತೆ ಸೂಚಿಸುತ್ತಾರೆ. ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮಗೆ ಅದು ಒಗ್ಗುವ ಮಾತಲ್ಲ.

ನನಗೆ ಇದು ಹೊಸದೂ ಅಲ್ಲ. ನಮ್ಮದು ತೀರ್ಥಹಳ್ಳಿ ಕಡೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಇಳಿಯುವ ಬಸ್ಸು ಹತ್ತುವ ಬಸ್ಸಿಗಾಗಿ ಕಾದು ನಿಲ್ಲುತ್ತಿತ್ತು. ಹಾದುಹೋಗುವಾಗ ಇಬ್ಬರೂ ಚಾಲಕರು ಸ್ಟೀರಿಂಗಿನಿಂದ ಅಂಗೈಯನ್ನು ಒಂದಿಷ್ಟೇ ಮೇಲೆತ್ತುತ್ತಿದ್ದರು. ಮುಂದಿನ ಸೀಟಿನಲ್ಲಿ ಕುಳಿತ ಹುಡುಗ ನಾನು ಆ ಅಂಗೈಗಳನ್ನು ಕಾಯುತ್ತಿದ್ದೆ. ಮಳೆಗಾಲದಲ್ಲಿ ಅದರ ಜತೆಗೆ ಒಂದೆರಡು ಮಾತೂ ಇರುತ್ತಿತ್ತು: ಕೆಳಗೆ ಮರ ಬಿದ್ದಿದೆ, ಮಂಜು ಜಾಸ್ತಿ ಇದೆ. ಈ ನೆನಪು ಮುಂದೆ, ಲಡಾಖಿನ ಪಾಂಗ್ ಎಂಬ ತಂಗುದಾಣದ ದಾರಿಯಲ್ಲಿ ಅರ್ಧ ಗಂಟೆ ಮೊದಲೇ ಬಂದಿದ್ದರೆ ನನಗೆ ಉಪಯೋಗವಾಗುತ್ತಿತ್ತು.

ಬಾರಾಲಾಚಾ ಕಣಿವೆಮಾರ್ಗದ ಆಚೆ, ಭರತ್‌ಪುರದ ಡೇರೆಗಳ ಬಳಿ ಕೆಎ-17 ನಂಬರಿನ ಎರಡು ಬೈಕುಗಳು ನಿಂತಿದ್ದವು. ನನ್ನ ಕೆಎ-14 ನೋಡಿದ ದಾವಣಗೆರೆಯ ಹಿರಿಯರೊಬ್ಬರು ಬಂಡೆಯ ಮೇಲಿನಿಂದ ಎದ್ದು ಬಂದು ಕೇಳಿದ ಮೊದಲ ಮಾತು, “ಊಟ ಆಯಿತೇ?” ಬೆಳಗಿನ ಹತ್ತು ಗಂಟೆ, ಊಟದ ಹೊತ್ತೇ ಅಲ್ಲ. ಆ ಎತ್ತರದಲ್ಲಿ ಕನ್ನಡ ಕೇಳಿ ಗಂಟಲು ಕಟ್ಟಿತು. ಊಟವಾಗಿದೆಯೋ ಇಲ್ಲವೋ ಎಂಬುದು ಅವರಿಗೆ ಬೇಕಾಗಿರಲಿಲ್ಲ. ನೀನು ಸರಿಯಾಗಿದ್ದೀಯಾ ಎನ್ನುವುದನ್ನು ನಾವು ಹಾಗೆ ಕೇಳುತ್ತೇವೆ. ದಾರಿಯಲ್ಲಿ ಏಳುವ ಎಡಗೈಯೂ ಕೇಳುವುದು ಅದನ್ನೇ. ಲಡಾಖಿಗಳು ನಮಸ್ಕಾರಕ್ಕೂ ಧನ್ಯವಾದಕ್ಕೂ ಬೀಳ್ಕೊಡುಗೆಗೂ ‘ಜುಲೆ’ ಎಂಬ ಒಂದೇ ಪದ ಬಳಸುತ್ತಾರೆ. ಅವರ ಬಾಯಲ್ಲಿ ಆ ಪದ ಕುರಿ ಕಾಯುವವರಿಗೂ ಉಂಟು, ಸೈನಿಕನಿಗೂ ಉಂಟು.

ಬೈಕಿನವರಲ್ಲಿ ಹಾಗಿಲ್ಲ, ಅದು ನನಗೆ ಬೇಸರ ತಂದಿತು. ದೊಡ್ಡ ಬೈಕಿಗೆ ಏಳುವ ಕೈ, ನೂರು ಸಿಸಿಯ ಗಾಡಿಗೆ ಹಿಟ್ಟಿನ ಮೂಟೆ ಕಟ್ಟಿಕೊಂಡು ಬರುವ ಸ್ಥಳೀಯನಿಗೆ ಏಳುವುದಿಲ್ಲ. ನನ್ನ ಮುಂದಿದ್ದ ಐದು ಜನರ ಗುಂಪು ಹೀಗೆ ಮಾಡಿದ್ದನ್ನು ಕಣ್ಣಾರೆ ಕಂಡೆ. ಹೆಲ್ಮೆಟ್ಟಿಗೆ ಕ್ಯಾಮೆರಾ ಅಂಟಿಸಿಕೊಂಡು, ಅದರಲ್ಲಿ ಚೆನ್ನಾಗಿ ಕಾಣಲೆಂದು ಕೈ ಬೀಸುವವರೂ ಇದ್ದಾರೆ. ಆ ಕೈಗೆ ನಾನು ಉತ್ತರ ಕೊಡಲಿಲ್ಲ.

ಗಾಟಾ ಲೂಪ್ಸ್‌ನ 21 ತಿರುವುಗಳನ್ನು ಹತ್ತಿ, ನಕೀ ಲಾ ಎಂಬ ಕಣಿವೆಮಾರ್ಗ ದಾಟಿ, ಐದು ಸಾವಿರ ಮೀಟರ್ ಎತ್ತರ ಮೀರಿದ ಇನ್ನೊಂದು, ಲಾಚುಂಗ್ ಲಾ, ತಲುಪುವ ಹೊತ್ತಿಗೆ ನಾನು ಎಪ್ಪತ್ತಕ್ಕೂ ಹೆಚ್ಚು ಕೈಗಳನ್ನು ಎಣಿಸಿದ್ದೆ. ಎಣಿಸುವಷ್ಟು ಸಂತೋಷವಾಗಿತ್ತು. ಒಬ್ಬನೇ ಬಂದವನಿಗೆ ಆ ಬರಡು ಬೆಟ್ಟಗಳ ನಡುವೆ ಅದೊಂದೇ ಮಾತುಕತೆ.

ಅಲ್ಲಿಂದ ಪಾಂಗ್‌ಗೆ ಇಳಿಯುವ ದಾರಿ ಕಡಿದಾದ ಕಂದರದೊಳಗೆ ಸಾಗುತ್ತದೆ. ಡಾಂಬರು ಹೋಗಿ ಹಿಟ್ಟಿನಂಥ ಧೂಳು. ಒಂದು ತಿರುವಿನ ಈಚೆಗೆ ಎದುರಿನಿಂದ ನೀಲಿ ಜಾಕೆಟ್ಟಿನವನೊಬ್ಬ ಹತ್ತಿ ಬಂದ. ಎಡಗೈ ಚಾಚಿ, ಅಂಗೈ ನೆಲಕ್ಕೆ ಮಾಡಿ, ಹಸುವಿನ ಬೆನ್ನು ತಟ್ಟುವಂತೆ ಎರಡು ಮೂರು ಸಲ ಮೇಲೆ ಕೆಳಗೆ ಆಡಿಸಿದ. ನಾನು ಖುಷಿಯಿಂದ ಕೈ ಎತ್ತಿದೆ. ಅವನು ತಲೆ ಹೊರಳಿಸಿ ಮತ್ತೊಮ್ಮೆ ಹಾಗೇ ಮಾಡಿದ. ನಾನೂ ಮತ್ತೊಮ್ಮೆ ಕೈ ಎತ್ತಿದೆ.

ತಿರುವಿನಾಚೆ ರಸ್ತೆಯ ಮೇಲೆ ಆಗತಾನೇ ಬೆಟ್ಟದಿಂದ ಇಳಿದ ಪುಡಿಗಲ್ಲು ಹರಡಿತ್ತು. ಎಡಗೈ ಇನ್ನೂ ಕ್ಲಚ್ಚಿಗೆ ಮರಳಿರಲಿಲ್ಲ. ಮುಂದಿನ ಚಕ್ರ ಜಾರಿತು, ಬೈಕು ಎಡಕ್ಕೆ ಮಲಗಿತು, ನಾನು ಮೊಣಕೈ ಊರಿ ಅದರ ಹಿಂದೆಯೇ ಜಾರಿದೆ. ದಪ್ಪ ಜಾಕೆಟ್ ಇದ್ದುದರಿಂದ ತರಚಿದ್ದಷ್ಟೇ. ಕ್ಲಚ್ ಲಿವರ್ ಮಾತ್ರ ನಡುವಿಗೇ ಮುರಿದಿತ್ತು. ಲಿವರನ್ನು ಹಿಡಿದಿರುವ ಕ್ಲಾಂಪಿನ ತಿರುಪನ್ನು ಪೂರ್ತಿ ಬಿಗಿಯಬಾರದು. ಬಿದ್ದಾಗ ತುಸು ತಿರುಗುವಷ್ಟು ಬಿಟ್ಟರೆ ಲಿವರ್ ಉಳಿಯುತ್ತದೆ. ಹೊರಡುವ ಮುನ್ನ ಸರ್ವಿಸ್ ಮಾಡಿಸಿದಲ್ಲಿ ಎರಡು ಸಲ ಇದನ್ನು ಹೇಳಿದ್ದೆ, ಆದರೂ ಗಟ್ಟಿಯಾಗಿ ಬಿಗಿದು ಕೊಟ್ಟಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಹೋಗುವವರು ತಿರುಪನ್ನು ತಾವೇ ನೋಡಿಕೊಳ್ಳಿ. ಕೇಬಲ್ಲಿನ ಜತೆ ಒಂದು ಕ್ಲಚ್ ಲಿವರ್, ಒಂದು ಬ್ರೇಕ್ ಲಿವರ್ ಇಟ್ಟುಕೊಳ್ಳಿ. ನನ್ನ ಬಳಿ ಕೇಬಲ್ ಮಾತ್ರ ಇತ್ತು.

ಬೈಕನ್ನು ಎತ್ತಲು ಓಡಿ ಬಂದವನು ಗಡಿ ರಸ್ತೆ ಸಂಸ್ಥೆಯ ಕೆಲಸದ ಕೂಲಿಯಾಳು. ಮುಖಕ್ಕೆ ಬಟ್ಟೆ, ಕಣ್ಣಿಗೆ ಒಂದು ಗಾಜು ಸೀಳಿದ ಕಪ್ಪು ಕನ್ನಡಕ, ಕಂಕುಳಲ್ಲಿ ಬಿದಿರಿನ ಸೀಳಿಗೆ ಕಟ್ಟಿದ ಕೆಂಪು ಬಾವುಟ. ಜಾರ್ಖಂಡಿನ ದುಮ್ಕಾದವನು. ಆ ಕಡೆಯಿಂದ ಪ್ರತಿ ಬೇಸಿಗೆ ಸಾವಿರಾರು ಜನ ಲಡಾಖಿನ ರಸ್ತೆ ಕೆಲಸಕ್ಕೆ ಬರುತ್ತಾರೆ. ಡಾಂಬರು ಡ್ರಮ್ಮಿನ ಮರೆಯಲ್ಲಿ ಮೂರು ಕಲ್ಲಿನ ಒಲೆ. ಅದರ ಮೇಲಿಂದ ಕೆಟಲ್ ಇಳಿಸಿ, ಡಬ್ಬಿಯ ಮುಚ್ಚಳದಲ್ಲಿ ಚಹಾ ಬಸಿದು ಕೊಟ್ಟ. ಆಮೇಲೆ ಹಿಂದಿಯಲ್ಲಿ ಕೇಳಿದ:

“ನೀಲಿ ಕೋಟಿನವನು ನಿಮಗೆ ಹೇಳಲಿಲ್ಲವೇ?”

“ಏನು?”

“ಕಲ್ಲು ಇಳಿಯುತ್ತಿದೆ, ನಿಧಾನವಾಗಿ ಬರಬೇಕು ಎಂದು. ಮೇಲಿನ ತಿರುವಿನಲ್ಲಿ ನಿಲ್ಲಬೇಕಾದ ನನ್ನ ಜೊತೆಗಾರನಿಗೆ ಬೆಳಿಗ್ಗೆಯಿಂದ ತಲೆ ಸುತ್ತು, ವಾಂತಿ. ಪಾಂಗ್‌ನ ಸೇನಾ ಶಿಬಿರದ ಡಾಕ್ಟರ ಬಳಿ ಕಳಿಸಿದ್ದೇವೆ. ನಾನು ಕೆಳಗಿನವರನ್ನು ತಡೆಯಬೇಕು, ಬೆಟ್ಟವನ್ನೂ ನೋಡುತ್ತಿರಬೇಕು. ಅದಕ್ಕೇ ಮೇಲೆ ಹೋಗುವ ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಿದ್ದೇನೆ, ಎದುರಿಗೆ ಬರುವವರಿಗೆ ತಿಳಿಸಿ ಎಂದು.”

ಮುಚ್ಚಳದ ಚಹಾ ನನ್ನ ಕೈಯಲ್ಲೇ ಉಳಿಯಿತು. ಆ ಅಪರಿಚಿತ ಈತನ ಮಾತನ್ನು ಹೊತ್ತು ತಂದಿದ್ದ. ಒಮ್ಮೆ ಕೊಟ್ಟ, ನಾನು ತೆಗೆದುಕೊಳ್ಳಲಿಲ್ಲವೆಂದು ತಿರುಗಿ ಇನ್ನೊಮ್ಮೆ ಕೊಟ್ಟ.

“ಹೇಳಿದ. ನಾನು ನಮಸ್ಕಾರ ಎಂದುಕೊಂಡೆ,” ಎಂದೆ.

ಅವನು ನಗಲಿಲ್ಲ. “ಎಲ್ಲರೂ ಹಾಗೇ. ಹಸಿರು ತೋರಿಸಿದರೂ ಕೈ ಬೀಸುತ್ತಾರೆ, ಕೆಂಪು ತೋರಿಸಿದರೂ ಕೈ ಬೀಸುತ್ತಾರೆ. ನೀವು ಕೈ ಎತ್ತುವುದು ಪ್ರೀತಿಗೆ. ನಾನು ಎತ್ತುವುದು ಕೆಲಸಕ್ಕೆ. ವಾಪಸ್ ಕೈ ಬೀಸಿದವನಿಗೆ ಅರ್ಥವಾಯಿತೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಅರ್ಥವಾದವನು ಕೈ ಎತ್ತುವುದಿಲ್ಲ, ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿಯುತ್ತಾನೆ. ತಲೆ ಆಡಿಸುತ್ತಾನೆ. ಗಾಡಿ ನಿಧಾನವಾಗುತ್ತದೆ.”

ಎಷ್ಟು ವರ್ಷದಿಂದ ಬರುತ್ತಿದ್ದೀಯ ಎಂದು ಕೇಳಿದೆ. ಆರನೆಯ ಬೇಸಿಗೆ ಎಂದ. ಊರಿನ ಮಾತು ಬಂತು, ಭತ್ತದ ನಾಟಿಯ ಮಾತು ಬಂತು. ನಮ್ಮ ಕಡೆಯೂ ಈಗ ನಾಟಿಯ ಕಾಲ, ಗದ್ದೆಯಲ್ಲಿ ಮೊಣಕಾಲುದ್ದ ನೀರು ಎಂದಾಗ ಅವನು ಮುಖದ ಬಟ್ಟೆ ಕೆಳಗೆಳೆದುಕೊಂಡು ಮೊದಲ ಬಾರಿಗೆ ನನ್ನನ್ನು ಸರಿಯಾಗಿ ನೋಡಿದ. ಅಷ್ಟರಲ್ಲಿ ಮೇಲಿನಿಂದ ಇನ್ನೊಂದು ಬೈಕಿನ ಸದ್ದು ಕೇಳಿಸಿತು. ಇಬ್ಬರೂ ಎದ್ದು ಓಡಿದೆವು. ಆ ಹುಡುಗ ಹೇಗೋ ಬೀಳದೆ ಪಾರಾದ.

ಜೆಸಿಬಿ ಬರುವವರೆಗೆ ಮೇಲಿನ ತಿರುವಿನಲ್ಲಿ ನಾನು ನಿಲ್ಲುತ್ತೇನೆ ಎಂದೆ. ಅವನು ಸ್ವಲ್ಪ ಯೋಚಿಸಿ, ಜೊತೆಗಾರನ ಬಾವುಟವನ್ನು ಕಲ್ಲಿನ ಸಂದಿಯಿಂದ ತೆಗೆದುಕೊಟ್ಟ. ಅಂಚು ಗಾಳಿಗೆ ಹರಿದು ನೂಲು ನೂಲಾಗಿತ್ತು, ಕೆಂಪು ಬಿಸಿಲಿಗೆ ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. “ಬೀಸಬೇಡಿ,” ಎಂದ. “ಬೀಸಿದರೆ ಸ್ನೇಹಿತನೆಂದುಕೊಳ್ಳುತ್ತಾರೆ. ಅಡ್ಡಕ್ಕೆ ನೇರವಾಗಿ ಹಿಡಿಯಿರಿ. ಇನ್ನೊಂದು ಕೈಯ ಅಂಗೈ ಅವರ ಮುಖಕ್ಕೆ ಕಾಣಲಿ. ನಗಬೇಡಿ.”

ಒಂದು ಗಂಟೆ ಹತ್ತು ನಿಮಿಷ ನಿಂತೆ. ಆ ಎತ್ತರದಲ್ಲಿ ಸುಮ್ಮನೆ ತೋಳು ಚಾಚಿ ನಿಲ್ಲುವುದೂ ಕೆಲಸವೇ. ಹತ್ತು ನಿಮಿಷಕ್ಕೆ ಹೆಗಲು ಸೋತಿತು. ಮೊದಲು ಬಂದ ಇಬ್ಬರೂ ಕೈ ಎತ್ತಿದರು, ಒಬ್ಬ ಹೆಬ್ಬೆರಳು ತೋರಿಸಿದ. ಪ್ರತಿಯಾಗಿ ಏಳಲು ಹೊರಟ ನನ್ನ ತೋಳನ್ನು ಬಲವಂತವಾಗಿ ತಡೆದುಕೊಂಡೆ. ಅವನ ಹೆಬ್ಬೆರಳು ನಿಧಾನವಾಗಿ ಮಡಚಿಕೊಂಡಿತು, ಕೈ ಹ್ಯಾಂಡಲಿಗೆ ಮರಳಿತು, ಬ್ರೇಕಿಗೆ ಬೈಕಿನ ಮುಂಭಾಗ ತಗ್ಗಿತು. ಮೂರನೆಯದು ನೂರು ಸಿಸಿಯ ಹಳೆಯ ಗಾಡಿ, ಹಿಂದೆ ಗ್ಯಾಸ್ ಸಿಲಿಂಡರ್. ಅದರ ಮುದುಕ ದೂರದಲ್ಲೇ ಕಂಡು ಗೇರ್ ಇಳಿಸಿದ್ದ. ಹತ್ತಿರ ಬಂದು ನಿಂತು “ಜುಲೆ” ಎಂದು, ಎಷ್ಟು ಕಲ್ಲು ಬಿದ್ದಿದೆ ಎಂದು ವಿಚಾರಿಸಿದ. ಆಮೇಲೆ ಬಂದ ಏಳು ಜನರ ಗುಂಪಿನಲ್ಲಿ ಮುಂದಿನವನು ತಲೆಯಾಡಿಸಿ, ಎಡಗೈಯನ್ನು ಹಿಂದಕ್ಕೆ ಚಾಚಿ ಅಂಗೈ ಕೆಳಗೆ ಮಾಡಿ ಆಡಿಸಿದ. ಅವನ ಹಿಂದಿನವನು ತನ್ನ ಹಿಂದಿನವನಿಗೆ. ಹಸುವಿನ ಬೆನ್ನು ತಟ್ಟುವ ಅದೇ ಸನ್ನೆ ಏಳನೆಯವನವರೆಗೂ ಹೋಯಿತು.

ನಾಲ್ಕರ ಸುಮಾರಿಗೆ ಜೆಸಿಬಿ ಬಂದು ಕಲ್ಲು ಸರಿಸಿತು. ಬಾವುಟ ಹಿಂತಿರುಗಿಸಿದೆ, ಅವನು ಅದನ್ನು ಕೋಲಿಗೆ ಸುತ್ತಿ ಸಂದಿಯಲ್ಲಿಟ್ಟ. ಮುರಿದ ಲಿವರಿನ ಮೋಟುತುಂಡನ್ನು ಎರಡು ಬೆರಳಿನಲ್ಲಿ ಒತ್ತಿ ಹಿಡಿದು ಬೈಕು ಹೊರಡಿಸಿದೆ. ಅವನು ರಸ್ತೆಯ ನಡುವೆ ಬಂದು ನಿಂತು ಹಸಿರು ತೋರಿಸಿದ. ನಾನು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ತಲೆಯಾಡಿಸಿದೆ.