ಅಕ್ಟೋಬರ್‌ನ ನಂದಿಬೆಟ್ಟ: ದಾರಿಹೋಕ ಹಕ್ಕಿಗಳನ್ನು ಹುಡುಕುವುದು ಹೇಗೆ

ಅಪರೂಪದ ವಲಸೆ ಹಕ್ಕಿ ನೋಡಲು ದ್ವೀಪಕ್ಕೇ ಹೋಗಬೇಕು ಅನ್ನುವವರಿದ್ದಾರೆ. ಚಿಕ್ಕಬಳ್ಳಾಪುರದವರಿಗೆ ಆ ಖರ್ಚು ಬೇಡ. 1,478 ಮೀಟರ್ ಎತ್ತರದ ನಂದಿಬೆಟ್ಟ ಹಕ್ಕಿಗಳ ಪಾಲಿಗೆ ದ್ವೀಪವೇ. ಸುತ್ತ ದ್ರಾಕ್ಷಿ ತೋಟ, ರಾಗಿ ಹೊಲ, ಬಂಡೆ, ಕುರುಚಲು. ನೆತ್ತಿಯ ಮೇಲೆ ಮಾತ್ರ ಮಂಜು ಕುಡಿದು ಬೆಳೆದ ದಟ್ಟ ಮರಗಳು. ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳ ಘಟ್ಟದಿಂದ ಇಷ್ಟು ದೂರದಲ್ಲಿ ಸಿಗುತ್ತದೆ ಅಂದರೆ ಲೆಕ್ಕ ಹಾಕಿ.

ದಾರಿಹೋಕ ಅಂದರೆ ವಲಸೆಯ ನಡುವೆ ಸ್ವಲ್ಪ ಹೊತ್ತು ತಂಗಿ ಮುಂದೆ ಸಾಗುವ ಹಕ್ಕಿ. ಸಣ್ಣ ಹಕ್ಕಿಗಳ ವಲಸೆ ಬಹುಪಾಲು ರಾತ್ರಿ ಪಯಣ. ಆಕಾಶ ತಿಳಿಯಾಗಿದ್ದರೆ ನಮ್ಮ ತಲೆಯ ಮೇಲೇ ದಾಟಿಬಿಡುತ್ತವೆ. ನಡುರಾತ್ರಿ ಮಳೆ ಹಿಡಿದು ಬೆಳಗಿನ ಜಾವ ಬಿಟ್ಟರೆ ಮಾತ್ರ, ಸಿಕ್ಕ ಹಸಿರಿಗೆ ಇಳಿಯದೆ ವಿಧಿಯಿಲ್ಲ. ಹಾಗಾಗಿ ರಜೆ ನೋಡಿ ಹೊರಡಬೇಡಿ, ಮೋಡ ನೋಡಿ ಹೊರಡಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ ಬೆಟ್ಟಕ್ಕೆ ಹೋದರೆ ಮಂಜಲ್ಲದೆ ಇನ್ನೇನೂ ಕಾಣದು. ಮಳೆ ಬಿಟ್ಟ ಮೊದಲ ಬೆಳಗ್ಗೆಯೇ ಹೋಗಬೇಕು. ಶನಿವಾರ, ಭಾನುವಾರವಂತೂ ಬೇಡವೇ ಬೇಡ. ಸೂರ್ಯೋದಯದ ಸೆಲ್ಫಿ ಜಾತ್ರೆಯಲ್ಲಿ ಹಕ್ಕಿ ಕೇಳಿಸುವುದೂ ಇಲ್ಲ.

8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನ) ಬೈನಾಕ್ಯುಲರ್ ಸಾಕು. ಮರದಡಿಯ ಅರೆಗತ್ತಲಲ್ಲಿ 10x ಕೈ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಎಸಿ ಕಾರಿನಿಂದ ತೆಗೆದ ತಕ್ಷಣ ಗಾಜಿನ ಮೇಲೆ ಹಬೆ ಕೂರುತ್ತದೆ. ಒರೆಸುತ್ತ ಕೂರಬೇಡಿ, ಹತ್ತು ಹದಿನೈದು ನಿಮಿಷ ಹೊರಗಿಟ್ಟರೆ ತಾನೇ ಬಿಡುತ್ತದೆ. ತಿಂಡಿ ಚೀಲದೊಳಗೇ ಇರಲಿ, ಕೋತಿಗಳಿಗೆ ಜಿಪ್ ತೆಗೆಯುವುದೂ ಗೊತ್ತು.

ಮೊದಲು ತೋಟಗಾರಿಕೆ ನರ್ಸರಿಯ ಕಡೆ ಹೋಗಿ. ಒದ್ದೆ ತರಗೆಲೆ ಇರುವ ಜಾಗ ಹಿಡಿದು ಇಪ್ಪತ್ತು ನಿಮಿಷ ಅಲುಗಾಡದೆ ನಿಲ್ಲಿ. ಎಲೆ ಮಗುಚುವ ಸರಸರ ಸದ್ದು ಬಂದರೆ ಕಿತ್ತಳೆ ತಲೆಯ ನೆಲಸಿಳ್ಳಾರವೋ, ನವರಂಗವೋ, ಇಂಡಿಯನ್ ಬ್ಲೂ ರಾಬಿನ್ನೋ ಇರಬಹುದು. ಬ್ಲೂ ರಾಬಿನ್ ಬಾಲವನ್ನು ಸದಾ ಅದುರಿಸುತ್ತಿರುತ್ತದೆ. ನವರಂಗ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಎರಡೇ ಸ್ವರದ ಸಿಳ್ಳೆ ಹಾಕುತ್ತದೆ. ತಮಿಳರು ಅದನ್ನು 'ಆರು ಗಂಟೆ ಹಕ್ಕಿ' ಅನ್ನುವುದು ಸುಮ್ಮನಲ್ಲ. ಮೇಲ್ಗಡೆ ಬೆಳ್ಗಣ್ಣಗಳ (ಕಣ್ಣ ಸುತ್ತ ಬಿಳಿ ಬಳೆಯಿರುವ ಪುಟ್ಟ ಹಕ್ಕಿ) ಗುಂಪು ಬಂದರೆ ಬಿಡಬೇಡಿ, ಉಲಿಯಕ್ಕಿಗಳು (ವಾರ್ಬ್ಲರ್) ಅದರ ಜೊತೆಗೇ ಸಾಗುತ್ತವೆ. ಬೆನ್ನಟ್ಟಿದರೆ ಗುಂಪು ಚದುರುತ್ತದೆ. ಅದು ಹೋಗುವ ದಿಕ್ಕು ನೋಡಿಕೊಂಡು ಮುಂದೆ ಹೋಗಿ ಕಾಯಿರಿ.

ಹೆಚ್ಚು ಜನ ಎಡವುವುದು ನೊಣಹಿಡುಕಗಳಲ್ಲಿ (ಫ್ಲೈಕ್ಯಾಚರ್). ಕಂದು ಬಣ್ಣದ್ದು ಕಂಡರೆ ಮೊದಲು ಕಾಲು ನೋಡಿ: ಕಪ್ಪಾಗಿದ್ದರೆ ಏಷ್ಯನ್ ಬ್ರೌನ್, ತಿಳಿಯಾಗಿದ್ದರೆ ಬ್ರೌನ್ ಬ್ರೆಸ್ಟೆಡ್. ಸೊಂಟ, ಬಾಲ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ರಸ್ಟಿ ಟೇಲ್ಡ್. ಇದು ಈ ಋತುವಿನ ನಿಜವಾದ ದಾರಿಹೋಕ. ಇನ್ನು ಕತ್ತು ಕೆಂಪಾದ ಗಂಡು ಕಂಡ ಕೂಡಲೇ 'ಕಾಶ್ಮೀರ್ ಫ್ಲೈಕ್ಯಾಚರ್' ಎಂದು ವಾಟ್ಸಾಪ್‌ನಲ್ಲಿ ಕೂಗುವ ಚಾಳಿ. ಕೆಂಪು ಗಲ್ಲ, ಎದೆಯ ಮೇಲ್ಭಾಗಕ್ಕೇ ನಿಂತರೆ ಅದು ರೆಡ್ ಬ್ರೆಸ್ಟೆಡ್. ಕಾಶ್ಮೀರದ್ದರಲ್ಲಿ ಆ ಕೆಂಪು ಗಾಢವಾಗಿ ಪಕ್ಕೆಗಳಿಗೂ ಹರಡಿರುತ್ತದೆ, ಕತ್ತಿನ ಎರಡೂ ಬದಿ ಕಪ್ಪು ಅಂಚಿರುತ್ತದೆ. ಅಂಚು ಕಾಣದಿದ್ದರೆ ಹೆಸರು ಹೇಳಬೇಡಿ. ಟೈಗಾ ಅನ್ನುವ ಮತ್ತೊಂದಿದೆ: ಕೊಕ್ಕು ಪೂರ್ತಿ ಕಪ್ಪು, ಬಾಲದ ಬುಡದ ಮೇಲ್ಗರಿ ಬಾಲಕ್ಕಿಂತಲೂ ಕಪ್ಪು. ಬಾಲ ಎತ್ತಿದಾಗ ಹಿಂದಿನಿಂದ ಒಂದು ಫೋಟೊ ತೆಗೆದಿಟ್ಟುಕೊಂಡರೆ ಮನೆಯಲ್ಲಿ ಕೂತು ತೀರ್ಮಾನಿಸಬಹುದು.

ಉಲಿಯಕ್ಕಿಗಳಿಗೆ ಕಣ್ಣಿಗಿಂತ ಕಿವಿಯೇ ಮೇಲು. ಗ್ರೀನಿಶ್ ವಾರ್ಬ್ಲರ್ 'ಚಿಸ್‌ವೀ' ಎಂದು ದಿನವಿಡೀ ಕೂಗುತ್ತದೆ. ರೆಕ್ಕೆಯ ಮೇಲಿನ ಪಟ್ಟಿ ಸವೆದು ಮಾಯವಾಗುವುದುಂಟು, ಅದೊಂದನ್ನೇ ನಂಬಿದರೆ ಮೋಸ ಹೋದಂತೆ. ಮೊಬೈಲ್‌ನಲ್ಲಿ ಕೂಗು ರೆಕಾರ್ಡ್ ಮಾಡಿ. ಆದರೆ ಅದೇ ಮೊಬೈಲ್‌ನಿಂದ ಕೂಗು ಹಾಕಿ ಹಕ್ಕಿ ಕರೆಯುವುದು ಬೇಡ. ರಾತ್ರಿಯಿಡೀ ಹಾರಿ ಇಳಿದದ್ದು ಮೇಯಬೇಕಾದ ಹೊತ್ತದು.

ಒಂಬತ್ತರ ಹೊತ್ತಿಗೆ ಮೇಲೆ ಜನ ತುಂಬುತ್ತಾರೆ. ಆಗ ಇಳಿಜಾರಿನ ಬಂಡೆ, ಕುರುಚಲಿನತ್ತ ಬನ್ನಿ. ಹಳದಿ ಕೊರಳಿನ ಪಿಕಳಾರ ವಲಸೆ ಹಕ್ಕಿಯಲ್ಲ, ಇಲ್ಲಿಯದೇ. ದಕ್ಷಿಣ ಭಾರತದ ಬಂಡೆ ಬೆಟ್ಟಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ದೂರದೂರಿನವರು ಇದೊಂದಕ್ಕೇ ನಂದಿ ಹತ್ತುತ್ತಾರೆ.