ತಡೆದು ತಪಾಸಣೆಯ ಲೆಕ್ಕ, ಕಂತು 3: ಛೇದದ ಗೋಳು

ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿಯ 36ನೇ ಸಾಮಾನ್ಯ ಶಿಫಾರಸು (2020) ದೇಶಗಳಿಂದ ಕೇಳುವುದರಲ್ಲಿ ಇದೂ ಒಂದು: ಪೊಲೀಸರು ಯಾರನ್ನು ತಡೆದರು, ಏಕೆ, ಕೊನೆಗೇನಾಯಿತು ಎಂಬ ಅಂಕಿಅಂಶ, ಹೆಸರು ತೆಗೆದು, ಜನಾಂಗವಾರು ವಿಂಗಡಿಸಿ, ಸಾರ್ವಜನಿಕರಿಗೆ ಸಿಗಬೇಕು. ಸಿಕ್ಕ ಮೇಲೂ ಲೆಕ್ಕ ನೆಟ್ಟಗೆ ಬರುತ್ತದೆಯೇ ಎಂದು ನೋಡುವುದು ಈ ಯೋಜನೆಯ ಕೆಲಸ. ಮಾನವ ಹಕ್ಕು ಮಂಡಳಿ 2021ರಲ್ಲಿ ನೇಮಿಸಿದ ಮೂವರು ತಜ್ಞರು ಸ್ವೀಡನ್‌ಗೆ ಹೋದಾಗ ಇಂಥ ಅಂಕಿಯ ಕೊರತೆಯನ್ನೇ ಎತ್ತಿ ಹೇಳಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಿಂಗಳುವಾರು ತಪಾಸಣೆಯ ಸಿಎಸ್‌ವಿ (ಸಾಲು-ಕಾಲಂಗಳ ಸರಳ ದತ್ತಾಂಶ ಕಡತ) ಪುಕ್ಕಟೆ ಸಿಗುತ್ತದೆ, ಹಾಗಾಗಿ ಅಲ್ಲಿಂದಲೇ ಆರಂಭ.

ಕಡತಗಳ ಜೋಡಣೆ ಮುಗಿದಿದೆ. ರೈಲ್ವೆ ಪೊಲೀಸರ ಸಾಲುಗಳನ್ನು ಬೇರೆ ಇಟ್ಟಿದ್ದೇವೆ. ದರ ತಿಳಿಯಲು ಒಂದು ಗುಂಪಿನ ತಪಾಸಣೆಗಳನ್ನು ಆ ಗುಂಪಿನ ಜನಸಂಖ್ಯೆಯಿಂದ ಭಾಗಿಸುತ್ತೇವೆ, ಛೇದವೆಂದರೆ ಅದೇ. ರೈಲ್ವೆ ಪೊಲೀಸರ ವ್ಯಾಪ್ತಿಗೆ ನಿವಾಸಿಗಳೇ ಇಲ್ಲ, ಭಾಗಿಸುವುದು ಯಾವುದರಿಂದ?

ಜನಾಂಗದ ಕಾಲಂ ಎರಡು: ವ್ಯಕ್ತಿ ತಾನೇ ಹೇಳಿದ್ದು, ಅಧಿಕಾರಿ ನೋಡಿ ಬರೆದದ್ದು. ಮೊದಲನೆಯದರ ‘ಹೇಳಿಲ್ಲ’ ಸಾಲುಗಳನ್ನು ಅಳಿಸಿದರೆ, ಹೇಳಲೊಲ್ಲದವರು ಎಲ್ಲ ಗುಂಪಿನಲ್ಲೂ ಸಮವಾಗಿದ್ದಾರೆ ಎಂದು ಒಪ್ಪಿಕೊಂಡಂತೆ. ತಾರತಮ್ಯ ಹುಟ್ಟುವುದು ಅಧಿಕಾರಿಯ ಕಣ್ಣಲ್ಲಿ, ಆದ್ದರಿಂದ ಎರಡನೆಯದೇ ವಾಸಿ ಅನಿಸುತ್ತದೆ. ಆದರೆ ಜನಗಣತಿಯಲ್ಲಿರುವುದು ಜನ ತಾವೇ ಹೇಳಿಕೊಂಡದ್ದು. ಸದ್ಯಕ್ಕೆ ಎರಡೂ ಫಲಿತಾಂಶ ಅಕ್ಕಪಕ್ಕ.

ದೊಡ್ಡ ಪೆಟ್ಟು ಬಿದ್ದದ್ದು ಛೇದದಲ್ಲಿ. 2011ರ ಗಣತಿಯಲ್ಲಿ ಬಿಳಿಯರು ಶೇ. 86.0, ಕಪ್ಪುವರ್ಣೀಯರು ಶೇ. 3.3, 2021ರಲ್ಲಿ 81.7 ಮತ್ತು 4.0. ಪರೀಕ್ಷೆಗೆಂದು ಒಂದು ಕಾಲ್ಪನಿಕ ಕಂತೆ ಹಾಕಿ ನೋಡಿ: 100 ತಪಾಸಣೆ, ಬಿಳಿಯರು 70, ಕಪ್ಪುವರ್ಣೀಯರು 15. ಹಳೆಯ ಗಣತಿಯಲ್ಲಿ ಅಸಮಾನತೆ (ಬಿಳಿಯರ ದರಕ್ಕೆ ಕಪ್ಪುವರ್ಣೀಯರ ದರ ಎಷ್ಟು ಪಟ್ಟು ಎಂಬುದು) 5.6 ಪಟ್ಟು, ಹೊಸದರಲ್ಲಿ 4.4. ಬೀದಿಯಲ್ಲಿ ಏನೂ ಬದಲಾಗಿಲ್ಲ, ಅಂಕಿ ಮಾತ್ರ ಐದರಲ್ಲೊಂದು ಪಾಲು ಇಳಿಯಿತು! ವರ್ಷ ವರ್ಷ ಹೋಲಿಸುವ ನಕ್ಷೆಯಲ್ಲಿ ಗಣತಿ ಬದಲಾದ ಕಡೆ ಗೆರೆ ಕಡಿಯಲೇಬೇಕು.

ಬ್ರಿಟನ್ನಿನ 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 60ನೇ ಸೆಕ್ಷನ್‌ಗೆ ಪ್ರತ್ಯೇಕ ಹಾಳೆ ಮಾಡಿದ್ದೇವೆ. ಅದರಡಿ ಒಬ್ಬೊಬ್ಬರ ಮೇಲೂ ಸಕಾರಣ ಅನುಮಾನ ಬೇಕಿಲ್ಲ, ಉಳಿದ ತಪಾಸಣೆಯೊಂದಿಗೆ ಕಲಸಿದರೆ ಎರಡೂ ಕೆಡುತ್ತವೆ.

ಬಾಕಿ ಇರುವುದು ‘ಸಿಕ್ಕಿತೇ’ ದರ, ಅಂದರೆ ಎಷ್ಟು ತಪಾಸಣೆಯಲ್ಲಿ ಹುಡುಕಿದ್ದು ಸಿಕ್ಕಿತು ಎಂಬುದು. ಇದಕ್ಕೆ ಜನಸಂಖ್ಯೆ ಬೇಡ: ಒಂದು ಗುಂಪಿನಲ್ಲಿ ಬರಿಗೈ ತಪಾಸಣೆ ಹೆಚ್ಚಿದ್ದರೆ, ಅವರ ಮೇಲೆ ಅನುಮಾನ ಅಗ್ಗವಾಗಿತ್ತೇ ಎಂದು ಕೇಳಬಹುದು. ಬಂಧನವನ್ನು ‘ಸಿಕ್ಕಿತು’ ಎಂದು ಎಣಿಸಬೇಡಿ, ಬಂಧಿಸುವುದೂ ಅದೇ ಅಧಿಕಾರಿಯ ತೀರ್ಮಾನ. ಹುಡುಕಿದ ವಸ್ತುವಿಗೂ ಫಲಿತಾಂಶಕ್ಕೂ ನಂಟಿದೆಯೇ ಎನ್ನುವ ಕಾಲಂ ಹಿಡಿಯಬೇಕು. ಅದರಲ್ಲಿ ಖಾಲಿ ಕೋಶಗಳಿವೆ. ಖಾಲಿ ಎಂದರೆ ‘ಇಲ್ಲ’ ಅಲ್ಲ. ನಮ್ಮ ಸ್ಕ್ರಿಪ್ಟ್ ಸದ್ಯಕ್ಕೆ ‘ಇಲ್ಲ’ ಅಂತಲೇ ಓದುತ್ತಿದೆ, ಮುಂದಿನ ಕಂತಿನೊಳಗೆ ತಿದ್ದುತ್ತೇವೆ.