ಪ್ರಬಂಧಕ್ಕೆ ಎಷ್ಟು ಅಲಂಕಾರ ಬೇಕು?

"ಮೇಡಂ, ಮನವೊಲಿಸುವ ಪ್ರಬಂಧದಲ್ಲಿ ಎಷ್ಟು ಅಲಂಕಾರ ಇರಬೇಕು?" ಪರೀಕ್ಷೆ ಹತ್ತಿರ ಬಂತೆಂದರೆ ಇದೇ ಪ್ರಶ್ನೆ. ಬಾಯಿ ನೋವಾಗಿದೆ, ಬರೆದೇ ಹೇಳುತ್ತೇನೆ: ಒಂದೂ ಇಲ್ಲದಿದ್ದರೂ ನಡೆಯುತ್ತದೆ.

ಎರಡು ಉಪಮೆ, ಒಂದು ಗಾದೆ, ಮೂರು ಪ್ರಶ್ನೆ ಎಂದು ಲೆಕ್ಕವಿಟ್ಟು ಬರೆದದ್ದು ಮೊದಲ ಪ್ಯಾರಾದಲ್ಲೇ ಸಿಕ್ಕಿಬೀಳುತ್ತದೆ. ಅಂಕ ಕೊಡುವವರೂ ಓದಲು ಬಲ್ಲವರೇ. ಶಾಲೆಯ ಗ್ರಂಥಾಲಯ ಭಾನುವಾರವೂ ತೆರೆದಿರಲಿ ಎಂದು ವಾದಿಸಬೇಕಿದೆ ಅಂದುಕೊಳ್ಳಿ. "ನಮಗೆ ಓದುವ ಹಕ್ಕಿಲ್ಲವೇ?" ಎಂದು ಗುಡುಗುತ್ತೀರಿ. ಮುಖ್ಯೋಪಾಧ್ಯಾಯರ ಬಳಿ ಉತ್ತರ ಸಿದ್ಧ: ಇದೆಯಪ್ಪಾ, ಮನೆಯಲ್ಲಿ ಕೂತು ಓದು. ಅಲ್ಲಿಗೆ ವಾದ ಮುಗಿಯಿತು. ಬೇರೆ ಉತ್ತರ ಹೊಳೆಯಲು ಸಾಧ್ಯವೇ ಇಲ್ಲದ ಕಡೆ ಮಾತ್ರ ಪ್ರಶ್ನೆ ಹಾಕಿ.

ಪುನರಾವರ್ತನೆಗೆ ಎಲ್ಲರೂ ಯುದ್ಧಕಾಲದ ಬ್ರಿಟನ್ ಪ್ರಧಾನಿ ಚರ್ಚಿಲ್‌ರ 1940ರ ಜೂನ್ 4ರ ಭಾಷಣ ತೋರಿಸುತ್ತಾರೆ. ಹೋರಾಡುತ್ತೇವೆ, ಹೋರಾಡುತ್ತೇವೆ ಎಂದು ಸಾಗಿದ ಆ ಮಾತು ಕೊನೆಗೆ ಜಾಡು ಬಿಟ್ಟು 'ಎಂದಿಗೂ ಶರಣಾಗುವುದಿಲ್ಲ' ಎಂಬಲ್ಲಿ ನಿಲ್ಲುತ್ತದೆ. ಪೆಟ್ಟು ಬೀಳುವುದು ಅಲ್ಲಿ. ನೀವು ನಕಲು ಮಾಡುವುದು ಬರೀ 'ಹೋರಾಡುತ್ತೇವೆ'ಯನ್ನು.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ 'ರೆಟರಿಕ್' ಗ್ರಂಥದಲ್ಲಿ ಹೇಳಿದ, ಮನವೊಲಿಸುವ ಮೂರು ದಾರಿ ನಿಮಗೆ ಬಾಯಿಪಾಠ: ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ವಾದದ ತರ್ಕ. ಅದೇ ಗ್ರಂಥದಲ್ಲಿ ಆತ ಎಳೆಯರ ಸ್ವಭಾವ ಹೇಗೆ, ಮುದುಕರದ್ದು ಹೇಗೆ, ನಡುವಯಸ್ಸಿನವರದ್ದು ಹೇಗೆ ಎಂದು ಕೂತು ವಿವರಿಸಿದ್ದು ಮಾತ್ರ ಯಾರ ನೋಟ್ಸಿನಲ್ಲೂ ಇರುವುದಿಲ್ಲ. "ಇದನ್ನು ಓದುವವರು ಯಾರು, ಅವರ ಅಡ್ಡಿ ಏನು?" ಎಂದು ಒಬ್ಬರಾದರೂ ಕೇಳಬಾರದೇ!

ಕೇಳಿದರೆ ಹೇಳುವುದು ಬಹಳಷ್ಟಿದೆ. ಬರೆಯುವ ಮುಂಚೆ ಎದುರಾಳಿಯ ಅತಿ ಗಟ್ಟಿ ಆಕ್ಷೇಪವನ್ನು ಅವರದೇ ಮಾತಿನಲ್ಲಿ ಒಂದು ಸಾಲು ಬರೆದುಕೊಳ್ಳಿ: ಸಿಬ್ಬಂದಿಗೂ ರಜೆ ಬೇಡವೇ? ಇದರಲ್ಲಿ ನಿಜವಿದೆ, ಹಾಗೆಂದು ಒಪ್ಪಿಕೊಳ್ಳಿ. ಆಮೇಲೆ ದಾರಿ ತೋರಿಸಿ: ಬೆಳಿಗ್ಗೆ ಮೂರು ತಾಸು ತೆರೆದರೆ ಸಾಕು, ಬದಲಿಗೆ ಸೋಮವಾರ ಅರ್ಧ ದಿನ ಬಿಡುವು. 300 ಪದಗಳ ಪ್ರಬಂಧದಲ್ಲಿ ಇದಕ್ಕೆ 60 ಪದವಾದರೂ ಕೊಡಿ, ಮತ್ತು ಇದು ನಡುವೆ ಬರಲಿ. ಕೊನೆಗಿಟ್ಟರೆ ಓದಿದವರ ತಲೆಯಲ್ಲಿ ಉಳಿಯುವುದು ಆಕ್ಷೇಪವೇ. "ಕೆಲವರು ಹೀಗೆನ್ನುತ್ತಾರೆ, ಆದರೆ ಅದು ತಪ್ಪು" ಎಂದು ಒಂದೇ ಸಾಲಿನಲ್ಲಿ ಝಾಡಿಸಿದರೆ ಹೆದರಿ ಓಡಿದಂತೆ ಕಾಣುತ್ತದೆ.

ಕಾರಣಗಳಲ್ಲಿ ಅತಿ ಬಲವಾದದ್ದು ಕೊನೆಗೆ, ಎರಡನೆಯದು ಮೊದಲಿಗೆ. ಸೊರಗಿದ್ದನ್ನು ಹೊಡೆದುಹಾಕಿ, ವಿರೋಧಿಸುವವರು ಹಿಡಿದುಕೊಳ್ಳುವುದು ಅದನ್ನೇ. 'ಅತ್ಯಂತ', 'ಖಂಡಿತವಾಗಿ' ಇದ್ದಲ್ಲೆಲ್ಲ ಒಂದು ಅಂಕಿಯನ್ನೋ ಉದಾಹರಣೆಯನ್ನೋ ಇಡಿ.

ಕೊನೆಯ ಸಾಲಿಗೆ "ಎಲ್ಲರೂ ಕೈಜೋಡಿಸೋಣ" ಬೇಡವೇ ಬೇಡ. ಯಾರು, ಏನು, ಯಾವಾಗ ಎಂದು ಬರೆಯಿರಿ: ಮುಂದಿನ ತಿಂಗಳ ನಾಲ್ಕು ಭಾನುವಾರ ಗ್ರಂಥಾಲಯ ತೆರೆದಿಡಿ, ಎಷ್ಟು ಮಕ್ಕಳು ಬಂದರೆಂದು ಹಾಜರಿ ಪುಸ್ತಕ ನೋಡಿ, ಆಮೇಲೆ ತೀರ್ಮಾನಿಸಿ.